ನರವಿಜ್ಞಾನದ ಡಿಗ್ರಿಗೆ ನಿಮ್ಮದೇ ಯೋಜನೆ: ಯಾವ ಕೋರ್ಸ್ ಮೊದಲು, ಯಾವುದು ಆಮೇಲೆ?

ಪ್ರಶ್ನೆ: ನಾನು ಡಿಗ್ರಿ ಮೊದಲ ವರ್ಷದ ವಿದ್ಯಾರ್ಥಿನಿ. ಮಿದುಳಿನ ಬಗ್ಗೆಯೇ ಓದಬೇಕು ಅಂತ ಮನಸ್ಸು ಗಟ್ಟಿ ಮಾಡಿದ್ದೇನೆ. ನಮ್ಮಲ್ಲಿ ನರವಿಜ್ಞಾನಕ್ಕೆ ಬೇರೆ ವಿಭಾಗ ಇಲ್ಲ. ಆದರೆ ಬೇರೆ ಬೇರೆ ವಿಭಾಗಗಳ ಕೋರ್ಸ್‌ಗಳನ್ನು ಜೋಡಿಸಿ ನಾವೇ ನಾಲ್ಕು ವರ್ಷದ ಯೋಜನೆ ಬರೆದು ಒಪ್ಪಿಗೆ ಪಡೆಯಬಹುದು. ಜೀವಶಾಸ್ತ್ರ, ಮನಃಶಾಸ್ತ್ರ, ಕಂಪ್ಯೂಟರ್, ತತ್ವಶಾಸ್ತ್ರ ಎಲ್ಲವೂ ಇಷ್ಟ. ಗಣಿತ ಅಂದರೆ ಸ್ವಲ್ಪ ಭಯ. ಎಲ್ಲದರಲ್ಲೂ ಒಂದೆರಡು ಕೋರ್ಸ್ ಮಾಡಿದರೆ ಸಾಕಾ? ಕೊನೆಗೆ ಯಾವುದರಲ್ಲೂ ಗಟ್ಟಿಯಾಗದೆ ಉಳಿದುಬಿಡುತ್ತೇನಾ? ಮುಂದೆ ಪಿಎಚ್‌ಡಿ ಮಾಡುವ ಆಸೆ ಇದೆ.

ಉತ್ತರ: ನಿಮ್ಮ ಕೊನೆಯ ಭಯ ಸುಮ್ನೆ ಹುಟ್ಟಿದ್ದಲ್ಲ. ಐದು ವಿಭಾಗಗಳ ಮೊದಲ ಕೋರ್ಸ್‌ಗಳನ್ನಷ್ಟೇ ಮುಗಿಸಿ, ಐದರಲ್ಲೂ ಮುಂದಕ್ಕೆ ಹೋಗದೆ ನಿಂತ ವಿದ್ಯಾರ್ಥಿಗಳು ಬೇಕಾದಷ್ಟು ಇದ್ದಾರೆ. ಅವರಿಗೆ ನ್ಯೂರಾನ್, ಅಂದರೆ ನರಕೋಶ, ಏನು ಅಂತ ಗೊತ್ತು, ನೆನಪಿನ ಬಗೆಗಳು ಗೊತ್ತು, ಪೈಥಾನ್ ಭಾಷೆಯಲ್ಲಿ ಒಂದಿಷ್ಟು ಕೋಡಿಂಗ್ ಕೂಡ ಬರುತ್ತದೆ. ಆದರೆ ಒಂದು ಸಂಶೋಧನಾ ಪೇಪರ್ ಮುಂದಿಟ್ಟು ‘ಈ ಚಿತ್ರದಿಂದ ಇವರು ಹೇಳುವ ತೀರ್ಮಾನಕ್ಕೆ ಬರಬಹುದಾ?’ ಅಂತ ಕೇಳಿದರೆ ಉತ್ತರ ಹೊರಡುವುದಿಲ್ಲ. ಪಿಎಚ್‌ಡಿ ಆಸೆ ಇರುವವರಿಗೆ ಬೇಕಾಗಿರುವುದು ಆ ಉತ್ತರ ಕೊಡುವ ಶಕ್ತಿ.

ಹಾಗಾಗಿ ಕೋರ್ಸ್‌ಗಳ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಒಂದು ಪ್ರಶ್ನೆ ಹಿಡಿಯಿರಿ. ‘ಮಿದುಳು ಹೇಗೆ ಕೆಲಸ ಮಾಡುತ್ತದೆ’ ಅನ್ನುವುದು ತೀರಾ ದೊಡ್ಡದಾಯಿತು, ಅದನ್ನಿಟ್ಟುಕೊಂಡು ಏನನ್ನೂ ಆರಿಸಲು ಆಗುವುದಿಲ್ಲ. ‘ಕಲಿತದ್ದು ನಿದ್ದೆಯಲ್ಲಿ ಗಟ್ಟಿಯಾಗುವುದು ಹೇಗೆ?’ ಅನ್ನುವಷ್ಟು ಅಳತೆಯ ಪ್ರಶ್ನೆ ಇರಲಿ. ಇದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಇಲಿ ಒಂದು ಜಾಗದಲ್ಲಿ ಓಡಾಡುವಾಗ ಅದರ ಮಿದುಳಿನಲ್ಲಿ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗದ ಕೆಲವು ನರಕೋಶಗಳು ಆಯಾ ಸ್ಥಳಕ್ಕೆ ಬಂದಾಗ ಮಾತ್ರ ಚುರುಕಾಗುತ್ತವೆ. ಜಾನ್ ಓಕೀಫ್ 1971ರಲ್ಲಿ ಇದನ್ನು ವರದಿ ಮಾಡಿದರು, 2014ರಲ್ಲಿ ನೊಬೆಲ್ ಬಂತು. 1994ರಲ್ಲಿ ಮ್ಯಾಥ್ಯೂ ವಿಲ್ಸನ್ ಮತ್ತು ಬ್ರೂಸ್ ಮೆಕ್‌ನಾಟನ್ ಇನ್ನೊಂದು ಸಂಗತಿ ತೋರಿಸಿದರು. ಓಡಾಡುವಾಗ ಜೊತೆಜೊತೆಗೆ ಚುರುಕಾದ ಕೋಶಗಳು, ಆಮೇಲೆ ಇಲಿ ನಿದ್ದೆ ಮಾಡುವಾಗಲೂ ಜೊತೆಜೊತೆಗೆ ಚುರುಕಾಗುವ ಸಾಧ್ಯತೆ ಜಾಸ್ತಿ. ಈ ಒಂದು ಪೇಪರನ್ನು ನಿಜವಾಗಿ ಅರ್ಥಮಾಡಿಕೊಳ್ಳಲು ಏನೇನು ಬೇಕು ನೋಡಿ. ಎಲೆಕ್ಟ್ರೋಡ್ ಯಾವ ಸಂಕೇತವನ್ನು ಹಿಡಿಯುತ್ತದೆ ಅಂತ ತಿಳಿಯಲು ವಿದ್ಯುತ್ತಿನ ಭೌತಶಾಸ್ತ್ರ. ಎರಡು ಕೋಶಗಳ ಚಟುವಟಿಕೆ ಹೊಂದುತ್ತದೋ ಇಲ್ಲವೋ, ಅಥವಾ ಅದು ಬರೀ ಆಕಸ್ಮಿಕವೋ ಅಂತ ಹೇಳಲು ಸ್ಟಾಟಿಸ್ಟಿಕ್ಸ್. ಇಲಿ ನಿಜವಾಗಿ ಏನನ್ನಾದರೂ ಕಲಿತಿದೆಯಾ ಅಂತ ಪರೀಕ್ಷಿಸಲು ಮನಃಶಾಸ್ತ್ರದ ಪ್ರಯೋಗ ವಿಧಾನ. ಕೋಶಗಳ ನಡುವಿನ ಜೋಡಣೆ ಹೇಗೆ ಬಲವಾಗುತ್ತದೆ ಅಂತ ತಿಳಿಯಲು ಕೋಶ ಜೀವಶಾಸ್ತ್ರ ಮತ್ತು ಜೀವರಸಾಯನಶಾಸ್ತ್ರ.

ಹೀಗೆ ಪ್ರಶ್ನೆಯೇ ಕೋರ್ಸ್‌ಗಳನ್ನು ಆರಿಸಿಕೊಡುತ್ತದೆ. ಯಾವುದನ್ನು ಬಿಡಬಹುದು ಅಂತಲೂ ಅದೇ ಹೇಳುತ್ತದೆ, ಯೋಜನೆ ಬರೆಯುವಾಗ ಇದು ಇನ್ನೂ ಮುಖ್ಯ. ನಿದ್ದೆ ಮತ್ತು ನೆನಪಿನ ಪ್ರಶ್ನೆ ಹಿಡಿದವರಿಗೆ ಸಸ್ಯಶಾಸ್ತ್ರದ ಎರಡು ಸೆಮಿಸ್ಟರ್ ಬೇಕಿಲ್ಲ. ಭ್ರೂಣದಲ್ಲಿ ನರಮಂಡಲ ಬೆಳೆಯುವ ಬಗೆ ತಿಳಿಯಬೇಕೆನ್ನುವವರಿಗೆ ತಳಿಶಾಸ್ತ್ರವಂತೂ ಬೇಕೇ ಬೇಕು, ಸಿಗ್ನಲ್ ಪ್ರಾಸೆಸಿಂಗ್ ಅಷ್ಟು ಬೇಡ. ಪ್ರಶ್ನೆ ಎರಡನೇ ವರ್ಷದಲ್ಲಿ ಬದಲಾದರೆ ಗಾಬರಿಯಾಗಬೇಡಿ, ಬಹಳ ಜನರಿಗೆ ಬದಲಾಗುತ್ತದೆ. ಒಂದು ಪ್ರಶ್ನೆಗಾಗಿ ಆಳವಾಗಿ ಕಲಿತದ್ದು ಇನ್ನೊಂದಕ್ಕೂ ಉಪಯೋಗಕ್ಕೆ ಬರುತ್ತದೆ.

ಈಗ ಗಣಿತ. ಇಲ್ಲಿ ನಾನು ಸ್ವಲ್ಪ ಹಟ ಮಾಡುತ್ತೇನೆ. ಗಣಿತವನ್ನು ಮೊದಲ ಎರಡು ವರ್ಷದಲ್ಲೇ ಮುಗಿಸಿ. ಜೀವಶಾಸ್ತ್ರದ ವಿವರಗಳನ್ನು ಮೂವತ್ತನೇ ವಯಸ್ಸಿನಲ್ಲೂ ಓದಿ ತುಂಬಿಕೊಳ್ಳಬಹುದು, ನಾವೆಲ್ಲ ಹಾಗೇ ಮಾಡುತ್ತಿರುತ್ತೇವೆ. ಕ್ಯಾಲ್ಕುಲಸ್ ಮತ್ತು ಲೀನಿಯರ್ ಆಲ್ಜೀಬ್ರಾ ಹಾಗಲ್ಲ. ವಾರವಾರ ಲೆಕ್ಕ ಮಾಡಿ ಕೈ ಪಳಗಿಸಿಕೊಳ್ಳುವ ಬಿಡುವು ಡಿಗ್ರಿ ಮುಗಿದ ಮೇಲೆ ಸಿಗುವುದು ಕಷ್ಟ.

ಭಯ ಹೋಗಲಿ ಅಂತ ಒಂದು ಲೆಕ್ಕವನ್ನು ಇಲ್ಲೇ ಮಾಡೋಣ. ನರಕೋಶದ ಒಳಗೆ ಪೊಟ್ಯಾಸಿಯಂ ಅಯಾನುಗಳು ಜಾಸ್ತಿ, ಸುಮಾರು 140 ಮಿಲಿಮೋಲಾರ್ (ಸಾಂದ್ರತೆಯ ಅಳತೆ) ಅಂತಿಟ್ಟುಕೊಳ್ಳಿ. ಹೊರಗೆ ಬರೀ 5. ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಮಾತ್ರ ದಾಟಬಲ್ಲ ದಾರಿ ಇದ್ದರೆ ಅದು ಹೊರಕ್ಕೆ ಹರಿಯತೊಡಗುತ್ತದೆ. ಪ್ರತಿ ಅಯಾನೂ ಒಂದು ಧನ ವಿದ್ಯುದಂಶವನ್ನು ಹೊತ್ತೊಯ್ಯುವುದರಿಂದ ಒಳಭಾಗ ಋಣವಾಗುತ್ತ ಹೋಗುತ್ತದೆ. ಆ ಋಣ ವಿದ್ಯುತ್ತು ಪೊಟ್ಯಾಸಿಯಂ ಅನ್ನು ಒಳಕ್ಕೆ ಎಳೆಯುತ್ತದೆ. ಹೊರಗೆ ತಳ್ಳುವ ಬಲ, ಒಳಕ್ಕೆ ಎಳೆಯುವ ಬಲ ಎರಡೂ ಸಮವಾಗುವ ಒಂದು ವೋಲ್ಟೇಜ್ ಇರುತ್ತದೆ. ಅದನ್ನು ಹೇಳುವುದೇ ನರ್ನ್‌ಸ್ಟ್ ಸಮೀಕರಣ. ದೇಹದ ಉಷ್ಣತೆಯಲ್ಲಿ ಲೆಕ್ಕ ಸುಲಭ. ಹೊರಗಿನ ಸಾಂದ್ರತೆಯನ್ನು ಒಳಗಿನದರಿಂದ ಭಾಗಿಸಿ, ಹತ್ತರ ಆಧಾರದ ಲಾಗರಿದಮ್ ತೆಗೆದು, ಸುಮಾರು 61.5ರಿಂದ ಗುಣಿಸಿ. 5ನ್ನು 140ರಿಂದ ಭಾಗಿಸಿ ಲಾಗರಿದಮ್ ತೆಗೆದರೆ ಮೈನಸ್ 1.45ರ ಹತ್ತಿರ. ಗುಣಿಸಿದರೆ ಮೈನಸ್ 89 ಮಿಲಿವೋಲ್ಟ್. ಸುಮ್ಮನಿರುವ ನರಕೋಶದಲ್ಲಿ ಅಳೆದು ನೋಡಿದರೆ ಸಿಗುವುದು ಸಾಮಾನ್ಯವಾಗಿ ಮೈನಸ್ 70ರ ಆಸುಪಾಸು. ಈ ವ್ಯತ್ಯಾಸ ಯಾಕೆ? ಸ್ವಲ್ಪ ಸೋಡಿಯಂ ಒಳಕ್ಕೆ ಸೋರುತ್ತದೆ, ಅದು ಒಳಭಾಗದ ಋಣವನ್ನು ತುಸು ಕಡಿಮೆ ಮಾಡುತ್ತದೆ.

ಇಷ್ಟರಲ್ಲೇ ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕೂ ಬಂದವು ಅಲ್ವಾ? ಬಳಸಿದ್ದು ಒಂದು ಭಾಗಾಕಾರ, ಒಂದು ಲಾಗರಿದಮ್, ಒಂದು ಗುಣಾಕಾರ. ಇದು ನಿಮಗೆ ಹಿಡಿಸಿದ್ದರೆ ನರವಿಜ್ಞಾನಕ್ಕೆ ಬೇಕಾದ ಗಣಿತವೂ ಹಿಡಿಸುತ್ತದೆ.

ಮುಂದಿನ ಹೆಜ್ಜೆ ವೋಲ್ಟೇಜ್ ಕಾಲದ ಜೊತೆ ಬದಲಾಗುವುದು. ಅದಕ್ಕೆ ಕ್ಯಾಲ್ಕುಲಸ್ ಬೇಕು. ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಸ್ಕ್ವಿಡ್ ಎಂಬ ಕಡಲ ಜೀವಿಯ ದೈತ್ಯ ಆಕ್ಸಾನ್ (ನರಕೋಶದ ಉದ್ದನೆಯ ಎಳೆ) ಮೇಲೆ ಪ್ರಯೋಗ ಮಾಡಿ, ನರದ ಸಂಕೇತ ಹುಟ್ಟುವ ಬಗೆಯನ್ನು 1952ರಲ್ಲಿ ಸಮೀಕರಣಗಳಲ್ಲಿ ಬರೆದರು. ಆ ಆಕ್ಸಾನ್ ಅರ್ಧ ಮಿಲಿಮೀಟರ್‌ನಷ್ಟು ದಪ್ಪ ಇರುವುದರಿಂದ ಅದರೊಳಗೆ ತಂತಿ ತೂರಿಸಿ ಅಳೆಯಲು ಸಾಧ್ಯವಾಯಿತು. ಆಗ ವಿಶ್ವವಿದ್ಯಾಲಯದ ಕಂಪ್ಯೂಟರ್ ಬಳಕೆಗೆ ಸಿಗದೆ, ಹಕ್ಸ್‌ಲಿ ಕೈಯಲ್ಲಿ ತಿರುಗಿಸುವ ಲೆಕ್ಕದ ಯಂತ್ರದಲ್ಲಿ ಆ ಸಮೀಕರಣಗಳನ್ನು ಬಿಡಿಸಿದರು. 1963ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇವತ್ತು ಅದೇ ಲೆಕ್ಕವನ್ನು ಎರಡನೇ ವರ್ಷದ ವಿದ್ಯಾರ್ಥಿ ಕೆಲವೇ ಡಜನ್ ಸಾಲಿನ ಪೈಥಾನ್ ಕೋಡ್‌ನಲ್ಲಿ ಬರೆದು, ಕಣ್ಣು ಮಿಟುಕಿಸುವುದರೊಳಗೆ ಗ್ರಾಫ್ ನೋಡಬಹುದು. ನಿಮ್ಮ ಕ್ಯಾಲ್ಕುಲಸ್ ಮತ್ತು ಕೋಡಿಂಗ್ ಕೋರ್ಸ್‌ಗಳು ಮುಗಿದ ಕೂಡಲೇ ಇದನ್ನು ಸ್ವಂತವಾಗಿ ಮಾಡಿ ನೋಡಿ. ಸೋಡಿಯಂ ದಾರಿಯನ್ನು ಅರ್ಧಕ್ಕೆ ಇಳಿಸಿದರೆ ಏನಾಗುತ್ತದೆ? ಪೊಟ್ಯಾಸಿಯಂ ದಾರಿ ತಡವಾಗಿ ತೆರೆದರೆ? ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡಿದ ಚಿತ್ರ ಆಗ ಕೈಗೆ ಸಿಗುತ್ತದೆ.

ಲೀನಿಯರ್ ಆಲ್ಜೀಬ್ರಾ ಯಾಕೆ ಅಂತ ಹಲವರು ಕೇಳುತ್ತಾರೆ. ಮೊದಲು ಒಂದು ಸಲಕ್ಕೆ ಒಂದು ಕೋಶವನ್ನೇ ಅಳೆಯುತ್ತಿದ್ದರು. 2017ರಲ್ಲಿ ಬಂದ ನ್ಯೂರೋಪಿಕ್ಸೆಲ್ಸ್ ಎಂಬ ಸೂಜಿಯಂಥ ಉಪಕರಣ ಒಂದೇ ಹೊತ್ತಿಗೆ 384 ಚಾನೆಲ್‌ಗಳಿಂದ ಸಂಕೇತ ಹಿಡಿಯುತ್ತದೆ. ನೂರಾರು ಕೋಶಗಳು ಒಟ್ಟಿಗೆ ಏನು ಹೇಳುತ್ತಿವೆ ಅಂತ ನೋಡಲು ಮ್ಯಾಟ್ರಿಕ್ಸ್ ಬಿಟ್ಟರೆ ಗತಿಯಿಲ್ಲ, ಅದನ್ನು ಕಲಿಸುವುದೇ ಲೀನಿಯರ್ ಆಲ್ಜೀಬ್ರಾ.

ಸ್ಟಾಟಿಸ್ಟಿಕ್ಸ್ ಬಗ್ಗೆ ಇನ್ನೂ ಜೋರಾಗಿ ಹೇಳುತ್ತೇನೆ. ಒಂದು ಕೋರ್ಸ್ ಸಾಲದು, ಎರಡು ಮಾಡಿ. ಎರಡನೆಯದರಲ್ಲಿ ನಿಜವಾದ ದತ್ತಾಂಶದ ಮೇಲೆ ಕೆಲಸ ಇರಲಿ. ಒಂದು ಉದಾಹರಣೆ ಕೊಡುತ್ತೇನೆ, ಇದು ಮೊದಲ ಪ್ರಾಜೆಕ್ಟ್‌ನಲ್ಲೇ ನಿಮಗೆ ಎದುರಾಗುತ್ತದೆ. ನಾಲ್ಕು ಇಲಿಗಳಿಂದ ತಲಾ ಐವತ್ತು ಕೋಶ, ಒಟ್ಟು ಇನ್ನೂರು ಕೋಶಗಳನ್ನು ಅಳೆದಿದ್ದೀರಿ. ಎರಡು ಇಲಿಗಳಿಗೆ ಔಷಧ ಕೊಟ್ಟಿದ್ದೀರಿ, ಎರಡಕ್ಕೆ ಕೊಟ್ಟಿಲ್ಲ. ಇನ್ನೂರು ಅಂತ ಹಾಕಿ ಲೆಕ್ಕ ಮಾಡಿದರೆ ಫಲಿತಾಂಶ ಬಹಳ ಬಲವಾಗಿ ಕಾಣುತ್ತದೆ. ಆದರೆ ಒಂದೇ ಇಲಿಯ ಐವತ್ತು ಕೋಶಗಳು ಒಂದಕ್ಕೊಂದು ಸಂಬಂಧವಿಲ್ಲದ ಐವತ್ತು ಸಾಕ್ಷಿಗಳಲ್ಲ. ಆ ಇಲಿ ಅವತ್ತು ಸರಿಯಾಗಿ ನಿದ್ದೆ ಮಾಡಿಲ್ಲದಿದ್ದರೆ ಐವತ್ತೂ ಒಟ್ಟಿಗೆ ವಾಲುತ್ತವೆ. ಔಷಧದ ವಿಚಾರದಲ್ಲಿ ನಿಮ್ಮ ಕೈಲಿರುವುದು ನಾಲ್ಕೇ ನಾಲ್ಕು ಇಲಿಗಳ ಸಾಕ್ಷಿ. ಪ್ರಕಟವಾದ ಪೇಪರ್‌ಗಳಲ್ಲೂ ಈ ತಪ್ಪು ಕಾಣಸಿಗುತ್ತದೆ. ಇದನ್ನು ಹಿಡಿಯಬಲ್ಲ ಡಿಗ್ರಿ ವಿದ್ಯಾರ್ಥಿಯನ್ನು ಯಾವ ಲ್ಯಾಬ್ ಕೂಡ ಖುಷಿಯಿಂದ ಸೇರಿಸಿಕೊಳ್ಳುತ್ತದೆ.

ಮಿದುಳಿನ ಸ್ಕ್ಯಾನ್ ಕಡೆ ಹೋಗುವವರಿಗೆ ಇನ್ನೊಂದು ಎಚ್ಚರಿಕೆ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಜೊತೆಗಾರರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರ್‌ನಲ್ಲಿಟ್ಟು, ಅದಕ್ಕೆ ಮನುಷ್ಯರ ಚಿತ್ರಗಳನ್ನು ‘ತೋರಿಸಿ’, ಮಾಮೂಲಿ ವಿಶ್ಲೇಷಣೆ ಮಾಡಿದರು. ಸಾವಿರಾರು ಬಿಂದುಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಮಾಡಬೇಕಾದ ತಿದ್ದುಪಡಿ ಬಿಟ್ಟರೆ, ಸತ್ತ ಮೀನಿನ ಮಿದುಳಲ್ಲೂ ‘ಚಟುವಟಿಕೆ’ ಕಂಡಿತು. ತಿದ್ದುಪಡಿ ಮಾಡಿದಾಗ ಅದು ಮಾಯವಾಯಿತು.

ಇಷ್ಟು ಗಣಿತ ಹೇಳಿದ ಮೇಲೆ ಮನಃಶಾಸ್ತ್ರ ಸುಲಭದ ವಿಷಯ, ಕೊನೆಗೆ ಮಾಡಿಕೊಂಡರಾಯಿತು ಅಂತ ಅನ್ನಿಸಬಹುದು. ದಯವಿಟ್ಟು ಹಾಗಂದುಕೊಳ್ಳಬೇಡಿ. ನೆನಪಿನ ಬಗ್ಗೆ ನಮಗೆ ಗೊತ್ತಿರುವ ದೊಡ್ಡ ಸಂಗತಿಗಳಲ್ಲಿ ಒಂದು ಹೊರಬಂದದ್ದು ಪೆನ್ಸಿಲ್ಲು, ಕಾಗದ, ಕನ್ನಡಿಯಿಂದ. 1953ರಲ್ಲಿ ಹೆನ್ರಿ ಮೊಲೈಸನ್ ಎಂಬ ಯುವಕನಿಗೆ ತೀವ್ರ ಮೂರ್ಛೆರೋಗ ನಿಲ್ಲಲಿ ಅಂತ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್‌ನ ಬಹುಭಾಗ ತೆಗೆದರು. ಆಮೇಲೆ ಆತನಿಗೆ ಹೊಸ ಘಟನೆಗಳು ನೆನಪಿನಲ್ಲಿ ನಿಲ್ಲಲೇ ಇಲ್ಲ. ಬ್ರೆಂಡಾ ಮಿಲ್ನರ್ ಆತನಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಆಕಾರವನ್ನು ಗೀಚುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಆತನ ಕೈ ಸುಧಾರಿಸಿತು. ಆದರೆ ಈ ಕೆಲಸ ಹಿಂದೆ ಮಾಡಿದ್ದು ಆತನಿಗೆ ಒಮ್ಮೆಯೂ ನೆನಪಿರಲಿಲ್ಲ. ನೆನಪು ಒಂದೇ ಬಗೆಯದಲ್ಲ, ಬೇರೆ ಬೇರೆ ಬಗೆಯ ನೆನಪಿಗೆ ಮಿದುಳಿನ ಬೇರೆ ಬೇರೆ ಭಾಗಗಳು ಬೇಕು ಅನ್ನುವುದಕ್ಕೆ ಇದು ಗಟ್ಟಿ ಆಧಾರವಾಯಿತು. ಸರಿಯಾದ ಪರೀಕ್ಷೆಯನ್ನು ಯೋಚಿಸಿ ಕಟ್ಟುವ ಕೌಶಲ ಮನಃಶಾಸ್ತ್ರದ ಪ್ರಯೋಗ ವಿಧಾನದ ಕೋರ್ಸ್‌ನಲ್ಲಿ ಸಿಗುತ್ತದೆ. ಪರಿಚಯದ ಕೋರ್ಸ್ ಮಾಡಿ ನಿಲ್ಲಿಸದೆ ಅದನ್ನೂ ಮಾಡಿ.

ನಡವಳಿಕೆ ಬಿಟ್ಟು ಬರೀ ಕೋಶಗಳನ್ನು ನೋಡಿದರೆ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಸಿ. ಎಲೆಗಾನ್ಸ್ ಎಂಬ ಸಣ್ಣ ಹುಳುವಿನ ಕಥೆ ಇದೆ. ಅದರಲ್ಲಿ ಇರುವುದು 302 ನರಕೋಶ. ಅವುಗಳ ಜೋಡಣೆಯ ಹೆಚ್ಚುಕಡಿಮೆ ಪೂರ್ತಿ ನಕ್ಷೆ 1986ರಲ್ಲೇ ಪ್ರಕಟವಾಯಿತು. ಆದರೂ ನಕ್ಷೆಯೊಂದನ್ನೇ ಇಟ್ಟುಕೊಂಡು ಹುಳು ಮುಂದೆ ಏನು ಮಾಡುತ್ತದೆ ಅಂತ ಹೇಳಲು ಇವತ್ತಿಗೂ ಆಗುವುದಿಲ್ಲ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ.

ತತ್ವಶಾಸ್ತ್ರ ಇಷ್ಟ ಅಂದಿದ್ದೀರಿ, ಖಂಡಿತ ಒಂದು ಕೋರ್ಸ್ ಮಾಡಿ. ಆದರೆ ಮೂರನೇ ವರ್ಷಕ್ಕೆ ಇಟ್ಟುಕೊಳ್ಳಿ. ಪ್ರಜ್ಞೆ ಅಂದರೇನು, ವಿವರಣೆ ಅಂದರೇನು ಅನ್ನುವ ಚರ್ಚೆಗೆ ಕೈಯಲ್ಲಿ ನಾಲ್ಕು ನಿಜವಾದ ಪ್ರಯೋಗಗಳನ್ನು ಹಿಡಿದುಕೊಂಡು ಹೋದರೆ ಸಿಗುವ ಫಲವೇ ಬೇರೆ.

ಇನ್ನು ವರ್ಷಗಳ ಜೋಡಣೆ. ಯೋಜನೆಯನ್ನು ಕೊನೆಯಿಂದ ಹಿಂದಕ್ಕೆ ಬರೆಯಿರಿ. ನಾಲ್ಕನೇ ವರ್ಷದಲ್ಲಿ ನೀವು ಮಾಡಲೇಬೇಕೆಂದಿರುವ ಎರಡು ಮೂರು ಮೇಲ್ಮಟ್ಟದ ಕೋರ್ಸ್‌ಗಳನ್ನು ಮೊದಲು ಗುರುತಿಸಿ. ಒಂದೊಂದಕ್ಕೂ ಮೊದಲು ಯಾವ ಕೋರ್ಸ್ ಮುಗಿಸಿರಬೇಕು ನೋಡಿ. ಅದಕ್ಕೂ ಮೊದಲು ಯಾವುದು? ಹೀಗೆ ಕೆಳಗಿಳಿಯುತ್ತ ಬಂದರೆ ಮೊದಲ ವರ್ಷಕ್ಕೆ ಬಂದು ನಿಲ್ಲುತ್ತೀರಿ. ಹಲವು ವಿಭಾಗಗಳನ್ನು ಸೇರಿಸುವವರು ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯವಾಗಿ ಇಲ್ಲೇ. ಮೂರನೇ ವರ್ಷದ ಜೀವರಸಾಯನಶಾಸ್ತ್ರಕ್ಕೆ ಎರಡನೇ ವರ್ಷದ ಸಾವಯವ ರಸಾಯನಶಾಸ್ತ್ರ ಬೇಕು, ಅದಕ್ಕೆ ಮೊದಲ ವರ್ಷದ ರಸಾಯನಶಾಸ್ತ್ರ ಬೇಕು. ಒಂದನ್ನು ತಪ್ಪಿಸಿಕೊಂಡರೆ ಇಡೀ ಸಾಲು ಒಂದು ವರ್ಷ ಹಿಂದೆ ಬೀಳುತ್ತದೆ. ಕೆಲವು ಕೋರ್ಸ್‌ಗಳನ್ನು ವರ್ಷ ಬಿಟ್ಟು ವರ್ಷ ಮಾತ್ರ ನಡೆಸುತ್ತಾರೆ. ಕೆಲವಕ್ಕೆ ಆ ವಿಭಾಗದ ವಿದ್ಯಾರ್ಥಿಗಳಿಗೇ ಮೊದಲ ಸೀಟು. ಇದನ್ನೆಲ್ಲ ಆಯಾ ವಿಭಾಗದ ಕಚೇರಿಯಲ್ಲಿ ಕೇಳಿ ತಿಳಿದುಕೊಂಡೇ ಬರೆಯಿರಿ.

ನಾನಾಗಿದ್ದರೆ ಮೊದಲ ವರ್ಷ ಕ್ಯಾಲ್ಕುಲಸ್, ರಸಾಯನಶಾಸ್ತ್ರ, ಜೀವಶಾಸ್ತ್ರ, ಕೋಡಿಂಗ್ ಇಡುತ್ತೇನೆ. ಮನಃಶಾಸ್ತ್ರದ ಪರಿಚಯವೂ ಇರಲಿ. ಎರಡನೇ ವರ್ಷ ಲೀನಿಯರ್ ಆಲ್ಜೀಬ್ರಾ, ಸ್ಟಾಟಿಸ್ಟಿಕ್ಸ್, ವಿದ್ಯುತ್ತಿನ ಭಾಗ ಇರುವ ಭೌತಶಾಸ್ತ್ರ, ಕೋಶ ಜೀವಶಾಸ್ತ್ರ, ಸಿಕ್ಕರೆ ನರವಿಜ್ಞಾನದ ಮೊದಲ ಕೋರ್ಸ್. ಮೂರನೆಯದರಲ್ಲಿ ನಿಮ್ಮ ಪ್ರಶ್ನೆಗೆ ನೇರವಾಗಿ ಸೇರಿದ ಕೋರ್ಸ್‌ಗಳು, ಪ್ರಯೋಗ ವಿಧಾನ, ಎರಡನೇ ಸ್ಟಾಟಿಸ್ಟಿಕ್ಸ್. ಕೊನೆಯ ವರ್ಷವನ್ನು ಆದಷ್ಟು ಖಾಲಿ ಬಿಡಿ, ಪ್ರಾಜೆಕ್ಟ್ ಅದನ್ನು ತುಂಬುತ್ತದೆ. ಒಂದು ವಿಭಾಗದಲ್ಲಾದರೂ ಮೊದಲ ಮಟ್ಟದಿಂದ ಕೊನೆಯ ಮಟ್ಟದವರೆಗೆ ಏರಿರಬೇಕು. ಅದು ಜೀವಶಾಸ್ತ್ರವೋ, ಮನಃಶಾಸ್ತ್ರವೋ, ಕಂಪ್ಯೂಟರ್ರೋ ಅನ್ನುವುದು ನಿಮ್ಮಿಷ್ಟ. ಯಾವುದರಲ್ಲೂ ಗಟ್ಟಿಯಾಗುವುದಿಲ್ಲ ಅನ್ನುವ ನಿಮ್ಮ ಭಯಕ್ಕೆ ಪರಿಹಾರ ಈ ಒಂದು ಏಣಿ. ಅದು ಇದ್ದರೆ ಉಳಿದ ವಿಭಾಗಗಳಲ್ಲಿ ಎರಡೆರಡು ಕೋರ್ಸ್ ಮಾಡಿದರೂ ಚಿಂತೆಯಿಲ್ಲ.

ಎರಡನೇ ವರ್ಷದ ಕೊನೆಗೆ ಒಂದು ಲ್ಯಾಬ್ ಸೇರಿ. ಹೆಸರು ದೊಡ್ಡದಿರಬೇಕೆಂದಿಲ್ಲ. ವಾರಕ್ಕೊಮ್ಮೆ ಯಾರಾದರೂ ಕೂತು ನಿಮ್ಮ ಕೆಲಸ ನೋಡುತ್ತಾರಾ ಅಂತ ಮೊದಲು ವಿಚಾರಿಸಿ. ಈಗಾಗಲೇ ಅಲ್ಲಿರುವ ವಿದ್ಯಾರ್ಥಿಗಳನ್ನು ಕೇಳಿದರೆ ನಿಜ ಗೊತ್ತಾಗುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗ ನಿಮ್ಮಿಂದ ಆಗುತ್ತದಾ ಅನ್ನುವುದನ್ನೂ ಈ ಹೊತ್ತಿಗೆ ಪ್ರಾಮಾಣಿಕವಾಗಿ ಯೋಚಿಸಿ. ಆಗದಿದ್ದರೆ ಅದರಲ್ಲಿ ಕೊರತೆ ಏನಿಲ್ಲ. ಮನುಷ್ಯರ ನಡವಳಿಕೆಯ ಅಧ್ಯಯನ, ಇಇಜಿ (ತಲೆಯ ಮೇಲಿಂದ ಮಿದುಳಿನ ವಿದ್ಯುತ್ ಸಂಕೇತ ಅಳೆಯುವುದು), ಸ್ಕ್ಯಾನ್, ಕಂಪ್ಯೂಟರ್ ಮಾದರಿಗಳು, ಹೀಗೆ ಬೇಕಾದಷ್ಟು ದಾರಿಗಳಿವೆ. ಲ್ಯಾಬೇ ಸಿಗಲಿಲ್ಲ ಅಂದರೂ ಕೈ ಕಟ್ಟಿ ಕೂರಬೇಕಿಲ್ಲ. ಅಮೆರಿಕದ ಅಲೆನ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆ ತನ್ನ ದತ್ತಾಂಶವನ್ನು ಎಲ್ಲರಿಗೂ ತೆರೆದಿಟ್ಟಿದೆ, ಓಪನ್‌ನ್ಯೂರೋ ಎಂಬ ಜಾಲತಾಣದಲ್ಲಿ ಮಿದುಳಿನ ಸ್ಕ್ಯಾನ್‌ಗಳ ರಾಶಿಯೇ ಇದೆ. ಪ್ರಕಟವಾದ ಒಂದು ಪೇಪರ್ ಆರಿಸಿ, ಅದರ ಒಂದೇ ಒಂದು ಗ್ರಾಫನ್ನು ಮೂಲ ದತ್ತಾಂಶದಿಂದ ನೀವೇ ಮತ್ತೆ ಬರೆಯಲು ಪ್ರಯತ್ನಿಸಿ. ಒಂದು ಇಡೀ ಸೆಮಿಸ್ಟರ್ ಹಿಡಿದರೂ ಸರಿ, ಅದು ನಿಜವಾದ ಸಂಶೋಧನೆಯ ಅನುಭವ.

ಪಿಎಚ್‌ಡಿ ವಿಚಾರಕ್ಕೆ ಬಂದರೆ, ಡಿಗ್ರಿಯ ಮೇಲೆ ‘ನರವಿಜ್ಞಾನ’ ಅಂತ ಬರೆದಿರಬೇಕು ಅನ್ನುವ ನಿಯಮ ಸಾಮಾನ್ಯವಾಗಿ ಇರುವುದಿಲ್ಲ. ಭೌತಶಾಸ್ತ್ರ, ಎಂಜಿನಿಯರಿಂಗ್, ಮನಃಶಾಸ್ತ್ರ ಓದಿದವರೂ ಈ ಕ್ಷೇತ್ರಕ್ಕೆ ಬರುತ್ತಲೇ ಇದ್ದಾರೆ. ಅರ್ಜಿ ನೋಡುವವರು ಲ್ಯಾಬ್‌ನಲ್ಲಿ ಏನು ಮಾಡಿದ್ದೀರಿ, ಗಣಿತ ಮತ್ತು ವಿಜ್ಞಾನದಲ್ಲಿ ಎಷ್ಟು ಎತ್ತರಕ್ಕೆ ಹೋಗಿದ್ದೀರಿ, ನಿಮ್ಮನ್ನು ಹತ್ತಿರದಿಂದ ಕಂಡ ಮೇಷ್ಟ್ರು ಏನು ಬರೆದಿದ್ದಾರೆ ಅನ್ನುವುದನ್ನು ನೋಡುತ್ತಾರೆ. ಬೇರೆ ಬೇರೆ ಕಡೆಯಿಂದ ತಂದ ಕೋರ್ಸ್‌ಗಳು ಯಾಕೆ ಒಟ್ಟಿಗೆ ಇವೆ ಅಂತ ಅವರಿಗೆ ನಾಲ್ಕು ಸಾಲಿನಲ್ಲಿ ತಿಳಿಯಬೇಕು. ನಿಮ್ಮ ಪ್ರಶ್ನೆಯನ್ನು ಮೊದಲಿಂದಲೂ ಬರೆದಿಟ್ಟುಕೊಂಡಿದ್ದರೆ ಆ ನಾಲ್ಕು ಸಾಲು ತಾನಾಗಿ ಬರುತ್ತದೆ.

ಯೋಜನೆಗೆ ಒಪ್ಪಿಗೆ ಕೇಳಲು ಹೋಗುವಾಗ ಇಬ್ಬರು ಮಾರ್ಗದರ್ಶಕರನ್ನು ಬೇರೆ ಬೇರೆ ವಿಭಾಗದಿಂದ ಆರಿಸಿ. ಒಬ್ಬರು ಜೀವಶಾಸ್ತ್ರದ ಕಡೆಯವರಾದರೆ ಇನ್ನೊಬ್ಬರು ಗಣಿತ, ಭೌತಶಾಸ್ತ್ರ ಅಥವಾ ಮನಃಶಾಸ್ತ್ರದವರಿರಲಿ. ಒಂದೇ ಪುಟದಲ್ಲಿ ಪ್ರಶ್ನೆ ಏನು, ಒಂದೊಂದು ಕೋರ್ಸ್ ಅದಕ್ಕೆ ಯಾಕೆ ಬೇಕು ಅಂತ ಬರೆದು ಕೊಡಿ. ಯಾವ ಕೋರ್ಸ್‌ನ ಎದುರು ಕಾರಣ ಬರೆಯಲು ಪೆನ್ನು ಓಡುವುದಿಲ್ಲವೋ ಅದನ್ನು ಹೊಡೆದುಹಾಕಿ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಒಮ್ಮೆಯಾದರೂ ಮಾತಾಡಿಸಿ, ಯಾಕೆಂದರೆ ಒಬ್ಬರು ‘ಇದು ಸಾಕು’ ಅಂದ ಕಡೆ ಇನ್ನೊಬ್ಬರು ‘ಇದು ಸಾಲದು’ ಅನ್ನುತ್ತಾರೆ. ಆ ಚರ್ಚೆ ಮೊದಲ ವರ್ಷವೇ ನಡೆದರೆ ನಿಮ್ಮ ಮುಂದಿನ ಆರು ಸೆಮಿಸ್ಟರ್‌ನ ಯೋಜನೆಯಲ್ಲಿ ಅದಕ್ಕೆ ಜಾಗ ಮಾಡಿಕೊಳ್ಳಬಹುದು.